ಬಯಾಲಜಿ ಉರು ಹೊಡೆಯುವ ಮುಂಚೆ ಒಂದು ಖಾಲಿ ಹಾಳೆ ತಗೊಳ್ಳಿ

ಹತ್ತನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ, ಹೆಚ್ಚಿನವರದ್ದು ಒಂದೇ ಮಾತು: ಲೆಕ್ಕ ಅರ್ಥ ಮಾಡ್ಕೋಬೇಕು, ಬಯಾಲಜಿ ಉರು ಹೊಡೆದರೆ ಸಾಕು. ನಾನೂ ಹಾಗೇ ಓದಿದವಳು. ಹೃದಯದ ಚಿತ್ರ ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದೆ, ಆದರೆ ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಎಡ ಕೋಣೆಯ) ಗೋಡೆ ಯಾಕೆ ಅಷ್ಟು ದಪ್ಪ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೈಯೆಲ್ಲಾ ರಕ್ತ ತಳ್ಳುವುದು ಅದೇ ಅಲ್ವಾ! ಬಲಗಡೆಯದ್ದು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಆಯಿತು. ಇದು ತಲೆಗೆ ಹೋದ ಮೇಲೆ ಚಿತ್ರದಲ್ಲಿ ಎಡ ಬಲ ಅದಲುಬದಲಾಗುವುದಿಲ್ಲ.

ಮೊದಲು, ಪುಸ್ತಕ ತೆರೆಯುವ ಮುಂಚೆ, ಆ ಪಾಠದ ಬಗ್ಗೆ ನಿಮಗೆ ಏನು ಅನ್ನಿಸುತ್ತದೋ ಅದನ್ನು ಹಾಳೆಯಲ್ಲಿ ಬರೆಯಿರಿ. ತಪ್ಪಾದರೆ ಇನ್ನೂ ಒಳ್ಳೆಯದು. ದ್ಯುತಿಸಂಶ್ಲೇಷಣೆ, ಅಂದರೆ ಗಿಡ ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುವ ಪಾಠ, ಶುರು ಮಾಡುವಾಗ ನಾನು ಟ್ಯೂಷನ್ನಿನಲ್ಲಿ ಕೇಳುವುದು ಇಷ್ಟೇ: ಹಲಸಿನ ಮರದಲ್ಲಿ ಅಷ್ಟೊಂದು ಕಟ್ಟಿಗೆ ಇದೆಯಲ್ಲ, ಅದು ಎಲ್ಲಿಂದ ಬಂತು? ಸಮೀಕರಣ ಪಟಪಟ ಹೇಳುವ ಹುಡುಗಿಯೇ "ಮಣ್ಣಿಂದ ಮಿಸ್, ಗೊಬ್ಬರ ಹಾಕ್ತೀವಲ್ಲ" ಅಂದಳು.

ಆಗ ವಾನ್ ಹೆಲ್ಮಾಂಟ್ ಅನ್ನುವ ಹಳೇ ಕಾಲದ ವಿಜ್ಞಾನಿಯ ಕಥೆ ಹೇಳಿದೆ. 1648ರಲ್ಲಿ ಅಚ್ಚಾದ ಪ್ರಯೋಗ ಅದು. ಸುಮಾರು 90 ಕೆಜಿ ಒಣಮಣ್ಣಿನಲ್ಲಿ ಎರಡು ಕೆಜಿ ಚಿಲ್ಲರೆ ತೂಕದ ವಿಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಮರ 77 ಕೆಜಿ ಹತ್ತಿರ ಬಂತು, ಮಣ್ಣು ಕಮ್ಮಿಯಾಗಿದ್ದು 60 ಗ್ರಾಂ ಕೂಡ ಇಲ್ಲ! ಹಾಗಾದರೆ ಎಲ್ಲವೂ ನೀರಿನಿಂದಲೇ ಅಂದುಕೊಂಡ ಪಾಪ, ಗಾಳಿಯ ಲೆಕ್ಕ ಬಿಟ್ಟುಹೋಯಿತು. ಹುಡುಗಿ ತನ್ನದೇ ಸಮೀಕರಣದಲ್ಲಿ ಕಾರ್ಬನ್ ಡೈಆಕ್ಸೈಡ್ ಮೇಲೆ ಬೆರಳಿಟ್ಟು "ಅಯ್ಯೋ, ಇಲ್ಲೇ ಇತ್ತು" ಅಂದಳು. ಅವಳ ಹಾಳೆಯಲ್ಲಿ "ಮಣ್ಣು" ಅಂತ ಬರೆದದ್ದನ್ನು ಅಳಿಸಲು ಬಿಡಲಿಲ್ಲ, ಪಕ್ಕದಲ್ಲಿ ಸರಿಯಾದದ್ದು ಬರೆಸಿದೆ.

ಇನ್ನು ಪದಗಳು. ಕನ್ನಡ ಮೀಡಿಯಂ ಮಕ್ಕಳು ಇವಕ್ಕೆ ಹೆದರುತ್ತಾರೆ, ನನ್ನ ಪ್ರಕಾರ ಇವೇ ನಮಗೆ ಲಾಭ. ಪದವನ್ನು ಒಡೆದು ನೋಡಿ. 'ಅಪ' ಅಂದರೆ ದೂರಕ್ಕೆ, 'ಅಭಿ' ಅಂದರೆ ಕಡೆಗೆ. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಸುಮ್ನೆ "ಅಪಧಮನಿಯಲ್ಲಿ ಶುದ್ಧ ರಕ್ತ" ಅಂತ ಉರು ಹೊಡೆದವರು ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಬಂದಾಗ ಎಡವುತ್ತಾರೆ, ಯಾಕೆಂದರೆ ಅದರಲ್ಲಿ ಹರಿಯುವುದು ಆಕ್ಸಿಜನ್ ಕಮ್ಮಿ ಇರುವ ರಕ್ತ. (ಚಿತ್ರದಲ್ಲಿ ನೀಲಿ ಬಣ್ಣ ಹಾಕುತ್ತಾರೆ ಅಂತ ರಕ್ತ ನೀಲಿ ಅಂದುಕೊಳ್ಳಬೇಡಿ, ಅದೂ ಕೆಂಪೇ, ಸ್ವಲ್ಪ ಕಡುಗೆಂಪು.)

ಚಿತ್ರ ನೋಡಿಕೊಂಡು ಹತ್ತು ಸಲ ಬಿಡಿಸುವುದು ಟೈಮ್ ವೇಸ್ಟ್. ಒಂದು ಸಲ ನೋಡಿ, ಎರಡು ದಿನ ಬಿಟ್ಟು ಪುಸ್ತಕ ಮುಚ್ಚಿ ಬಿಡಿಸಿ, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಮುಂದಿನ ಸಲ ಆ ಕೆಂಪು ಜಾಗ ಮಾತ್ರ ಓದಿದರೆ ಸಾಕು.

ಹಾರ್ಮೋನುಗಳ ಹೆಸರು, ಯಾವ ಗ್ರಂಥಿಯಿಂದ ಯಾವುದು ಅನ್ನುವ ಪಟ್ಟಿ ಮಾತ್ರ ಉರು ಹೊಡೆಯಲೇಬೇಕು, ಅದಕ್ಕೆ ನನ್ನ ಹತ್ತಿರವೂ ಬೇರೆ ದಾರಿ ಇಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ದಿನಕ್ಕೆ ಎರಡು ಹೇಳಿಕೊಳ್ಳಿ.