ಚುಕ್ಕೆಗೆ ಹತ್ತಿರದ ಕಾಲೊನಿ

ರಾಗಿ ಕೊಯ್ಲಿನ ಹೊತ್ತಿಗೆ ಅಮ್ಮ ಗಟ್ಟಿ ಕಾಳಿನ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಇಡುತ್ತಿದ್ದರು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಉತ್ಪರಿವರ್ತನೆಗಳು, ಅಂದರೆ ಡಿಎನ್‌ಎ ನಕಲಿನಲ್ಲಿ ಉಳಿದುಬಿಡುವ ತಪ್ಪುಗಳು, ಹೇಗೆ ಶೇಖರವಾಗುತ್ತವೆ ಎಂದು ನೋಡಲು ಹೊರಟ ನಾನು ಮೊದಲು ಬಿಡಬೇಕಾಗಿ ಬಂದದ್ದು ಈ ಅಭ್ಯಾಸವನ್ನೇ.

ಇ. ಕೋಲಿಯ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 46 ಲಕ್ಷ ಅಕ್ಷರಗಳಿವೆ. ಅದನ್ನು ನಕಲು ಮಾಡುವಾಗ ಉಳಿದುಬಿಡುವ ತಪ್ಪು ಸಾವಿರ ವಿಭಜನೆಗೆ ಹೆಚ್ಚುಕಡಿಮೆ ಒಂದು. ಫ್ಲಾಸ್ಕಿನಲ್ಲಿ ಕೋಟಿಗಟ್ಟಲೆ ಕೋಶಗಳು ಒಟ್ಟಿಗೆ ಬೆಳೆಯುವಾಗ, ತಪ್ಪಿನಿಂದ ಬಡವಾದ ಕೋಶ ಪೈಪೋಟಿಯಲ್ಲಿ ಸೋತು ಕಾಣೆಯಾಗುತ್ತದೆ. ಹಾಗಾಗಿ ಕೇಡು ಎಷ್ಟು ಎಂಬುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಾಣಬೇಕಾದರೆ ಪ್ರತಿ ವಂಶವನ್ನೂ ದಿನಕ್ಕೊಮ್ಮೆ ಒಂದೇ ಕೋಶದ ಕಿಂಡಿಯಲ್ಲಿ ನುಸುಳಿಸಬೇಕು. ಯಾವ ಕೋಶ ಮುಂದಕ್ಕೆ ಹೋಗುತ್ತದೆ ಎಂಬುದು ಆಗ ಬಹುಪಾಲು ಅದೃಷ್ಟದ ಮಾತು. ಮುಕಾಯ್ 1964ರಲ್ಲಿ ಹಣ್ಣಿನ ನೊಣಗಳಲ್ಲಿ, ಕಿಬೋಟ ಮತ್ತು ಲಿಂಚ್ 1996ರಲ್ಲಿ ಇ. ಕೋಲಿಯಲ್ಲಿ ಇದೇ ಉಪಾಯದಿಂದ ಲೆಕ್ಕ ಹಾಕಿದ್ದರು.

ನಾನು 40 ಲೈನ್‌ಗಳನ್ನು, ಅಂದರೆ ಬೇರೆ ಬೇರೆಯಾಗಿ ಮುಂದುವರಿಸುವ ವಂಶಗಳನ್ನು, ಇಟ್ಟುಕೊಂಡೆ. 20 ಸಾಮಾನ್ಯ ತಳಿಯವು. ಉಳಿದ 20ರಲ್ಲಿ ನಕಲಿನ ತಪ್ಪು ತಿದ್ದಲು ಬೇಕಾದ ಮ್ಯುಟ್‌ಎಲ್ ವಂಶವಾಹಿಯನ್ನು ತೆಗೆದಿತ್ತು. ಅವುಗಳಲ್ಲಿ ತಪ್ಪುಗಳು ನೂರು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಸೇರುತ್ತವೆ. 37 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಒಂದು ಕೋಶ ಸುಮಾರು 25 ಬಾರಿ ಇಬ್ಭಾಗವಾಗಿ ಮೂರು ಕೋಟಿ ಮೀರಿದ ಕಾಲೊನಿಯಾಗುತ್ತದೆ. ದಿನವೂ ಅಂಥ ಒಂದು ಕಾಲೊನಿಯನ್ನು ಹೊಸ ತಟ್ಟೆಯ ಮೇಲೆ ಗೆರೆ ಎಳೆದು ಹರಡುತ್ತ ಹೋದರೆ 150 ದಿನಕ್ಕೆ 3,750 ಪೀಳಿಗೆ. ಇಷ್ಟಾದರೂ ಸಾಮಾನ್ಯ ಲೈನ್ ಒಂದಕ್ಕೆ ಸಿಗುವುದು ನಾಲ್ಕೇ ಉತ್ಪರಿವರ್ತನೆ ಎಂದು ಲೆಕ್ಕ ಹೇಳುತ್ತಿತ್ತು.

ಹದಿನೆಂಟನೆಯ ದಿನ ಮೇಡಂ ಬಂದು ನನ್ನ ಪಕ್ಕದಲ್ಲಿ ನಿಂತರು. ನಾನು ಲೂಪನ್ನು, ಅಂದರೆ ತುದಿ ಬಳೆಯಂತಿರುವ ತಂತಿಯನ್ನು, ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ತಟ್ಟೆಯಲ್ಲಿ ಹೆಪ್ಪುಗಟ್ಟಿದ ಆಹಾರವಾದ ಅಗರ್‌ನ ಅಂಚಿಗೆ ತಾಗಿಸಿ ಆರಿಸಿ, ಒಂದು ಕಾಲೊನಿಯನ್ನು ಮುಟ್ಟಿದೆ.

"ಆ ಸಣ್ಣದನ್ನು ಯಾಕಮ್ಮಾ ಬಿಟ್ಟೆ?"

ನನ್ನ ಬಳಿ ಉತ್ತರವಿರಲಿಲ್ಲ. ಕಣ್ಣಿಗೆ ದುಂಡಗೆ, ತುಂಬಿಕೊಂಡು ಕಂಡದ್ದನ್ನೇ ಕೈ ಆರಿಸುತ್ತಿತ್ತು. ಆಯ್ಕೆಯನ್ನು ಹೊರಗಿಡಲೆಂದೇ ಕಟ್ಟಿದ ಪ್ರಯೋಗದಲ್ಲಿ ಆಯ್ಕೆ ಮಾಡುತ್ತಿದ್ದವಳು ನಾನೇ. ಹದಿನೆಂಟು ದಿನದ ತಟ್ಟೆಗಳನ್ನೆಲ್ಲ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿ, ಮೈನಸ್ 80ರ ಫ್ರೀಜರಿನಿಂದ ಮೂಲ ತಳಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಆಮೇಲೆ ಗೆರೆ ಎಳೆಯುವ ಮೊದಲೇ ತಟ್ಟೆಯ ತಳಕ್ಕೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡತೊಡಗಿದೆ. ಮರುದಿನ ಆ ಚುಕ್ಕೆಗೆ ಹತ್ತಿರವಿರುವ ಒಂಟಿ ಕಾಲೊನಿ ಸೂಜಿಮೊನೆಯಷ್ಟಿದ್ದರೂ ಅದನ್ನೇ ತೆಗೆಯಬೇಕು. ಅದು ಬೆಳೆಯದಿದ್ದರೆ ಫ್ರಿಜ್ಜಿನಲ್ಲಿಟ್ಟ ಹಿಂದಿನ ದಿನದ ತಟ್ಟೆಗೆ ಮರಳಬೇಕು. ಹಾಗೆ ಮರಳುವುದೂ ಸ್ವಲ್ಪಮಟ್ಟಿಗೆ ಆಯ್ಕೆಯೇ, ಆದ್ದರಿಂದ ಪ್ರತಿ ಸಲವೂ ಬರೆದಿಟ್ಟೆ. ಕಾಲೊನಿಯೊಳಗೇ ನಡೆಯುವ ಪೈಪೋಟಿಯನ್ನು ಮಾತ್ರ ತಡೆಯಲಾಗದು. ಕೋಶವನ್ನು ಕೊಂದೇಬಿಡುವ ತಪ್ಪುಗಳು ನಮಗೆ ಎಂದೂ ಸಿಗುವುದಿಲ್ಲ, ತೀರಾ ಕುಗ್ಗಿಸುವವೂ ಅಪರೂಪ. ನಾವು ಅಳೆಯುವ ಕೇಡು ನಿಜವಾದದ್ದಕ್ಕಿಂತ ಕಡಿಮೆಯೇ.

ಕ್ಷಮತೆ, ಅಂದರೆ ಪೈಪೋಟಿಯಲ್ಲಿ ಬೆಳೆಯುವ ಶಕ್ತಿ, ಅಳೆಯಲು ಪ್ರತಿ ಲೈನನ್ನೂ ಅರಾಬಿನೋಸ್ ಗುರುತಿನಲ್ಲಿ ಮಾತ್ರ ಬೇರೆಯಾದ ಅದರ ಪೂರ್ವಜದೊಂದಿಗೆ ಸಮಸಮ ಬೆರೆಸಿ, ನೂರರಲ್ಲೊಂದು ಪಾಲು ಹೊಸ ಪೋಷಕ ದ್ರವಕ್ಕೆ ಹಾಕಿ ಒಂದು ದಿನ ಬೆಳೆಸಿದೆ. ಅರಾಬಿನೋಸ್ ಸಕ್ಕರೆ ಬಳಸಲಾಗದ ತಳಿ ಟೆಟ್ರಜೋಲಿಯಂ ಎಂಬ ಬಣ್ಣದ್ರವ್ಯ ಬೆರೆಸಿದ ಅಗರ್ ಮೇಲೆ ಕೆಂಪಾಗುತ್ತದೆ, ಬಳಸುವ ತಳಿ ಬಿಳಿಯಾಗಿ ಉಳಿಯುತ್ತದೆ. ಮೊದಲ ದಿನ ಮತ್ತು ಮರುದಿನ ಕೆಂಪು, ಬಿಳಿ ಎಣಿಸಿದರೆ ಯಾರು ಗೆದ್ದರೆಂದು ತಿಳಿಯುತ್ತದೆ. ಶೇಕಡಾ ಒಂದರ ಅಂತರ ಹಿಡಿಯಬೇಕಾದರೆ ಒಂದೇ ಲೈನನ್ನು ಮತ್ತೆ ಮತ್ತೆ ಸ್ಪರ್ಧೆಗೆ ಇಳಿಸಬೇಕು. ತಟ್ಟೆ ಎಣಿಸಿ ಎಣಿಸಿ ರಾತ್ರಿ ಕಣ್ಣು ಮುಚ್ಚಿದರೂ ಕೆಂಪು ಚುಕ್ಕೆಗಳೇ ಕಾಣುತ್ತಿದ್ದವು.

ಸಾಮಾನ್ಯ ಲೈನ್‌ಗಳಲ್ಲಿ ಹೆಚ್ಚಿನವನ್ನು ಪೂರ್ವಜದಿಂದ ಬೇರ್ಪಡಿಸಿ ಹೇಳಲಾಗಲಿಲ್ಲ. ಮ್ಯುಟ್‌ಎಲ್ ಇಲ್ಲದವು ಕುಗ್ಗಿದ್ದವು, ಆದರೆ ಒಂದೊಂದು ಒಂದೊಂದು ಪ್ರಮಾಣದಲ್ಲಿ. ಜೀನೋಮ್ ಓದಿಸಿ ನೋಡಿದಾಗ ಅತಿ ಹೆಚ್ಚು ಉತ್ಪರಿವರ್ತನೆ ಹೊತ್ತ ಲೈನ್ ಅತಿ ದುರ್ಬಲವಾಗಿರಲಿಲ್ಲ. ತಪ್ಪು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಬಿದ್ದಿದೆ ಎನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂದಿತ್ತು. 31ನೆಯ ಲೈನಿನ ಕಾಲೊನಿಗಳಂತೂ 24 ಗಂಟೆಯಾದರೂ ಕಾಣುವುದೇ ಕಷ್ಟ. ಅಷ್ಟು ಚಿಕ್ಕ ಕಾಲೊನಿಯಲ್ಲಿ 25 ವಿಭಜನೆ ಆಗಿರುವುದಿಲ್ಲವಾದ್ದರಿಂದ, ಕಾಲೊನಿಯನ್ನು ಕರಗಿಸಿ ಕೋಶಗಳನ್ನು ಎಣಿಸಿ ಪೀಳಿಗೆಯ ಲೆಕ್ಕ ತಿದ್ದಬೇಕಾಯಿತು.

ಈಗ ಆ 31ನೆಯದನ್ನೇ ಫ್ಲಾಸ್ಕಿನಲ್ಲಿ ಬೆಳೆಸುತ್ತಿದ್ದೇನೆ, ಕೋಟಿಗಟ್ಟಲೆ ಕೋಶ ಒಟ್ಟಿಗೆ. ಇವತ್ತಿಗೆ ಹನ್ನೆರಡನೆಯ ದಿನ. ನಿನ್ನೆ ಹರಡಿದ ತಟ್ಟೆಯಲ್ಲಿ ಎರಡು ಕಾಲೊನಿಗಳು ಉಳಿದವಕ್ಕಿಂತ ದೊಡ್ಡದಾಗಿವೆ.