ಗಂಜಿನಲ್ಲಿ ಕೂತು ಚಾ ಕಡಿಮೆ ಮಾಡಿದ್ದು

ಕಾಫಿ ಬಿಡುವುದು ಹೇಗೆ ಅಂತ ಬೆಂಗಳೂರು, ಮೈಸೂರು ಕಡೆಯವರು ಮಾತಾಡುತ್ತಾರೆ. ಕಲಬುರಗಿಯಲ್ಲಿ ಬಿಡಬೇಕಾದದ್ದು ಕಾಫಿ ಅಲ್ಲ, ಚಾ. ಕಾಫಿ ತೋಟ ಇರುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ನಮ್ಮ ಕಡೆ ಹೈದರಾಬಾದಿನ ಗಾಳಿ ಜಾಸ್ತಿ. ಹೆಣ್ಣು ನೋಡುವುದಕ್ಕೆ ಹೋದರೂ ಚಾ, ಹೊಲದ ವ್ಯವಹಾರಕ್ಕೂ ಚಾ, ಯಾರದೋ ಮಣ್ಣಿಗೆ ಹೋಗಿ ಬಂದರೂ ಚಾ. ಕಾಫಿ, ಚಾ ಎರಡರಲ್ಲೂ ಇರುವುದು ನಿದ್ದೆ ಓಡಿಸುವ ಅದೇ ಕೆಫೀನ್.

ನಾನು ಇಲ್ಲಿನ ಧಾನ್ಯದ ಮಾರುಕಟ್ಟೆ ನೆಹರು ಗಂಜಿನಲ್ಲಿ, ರೈತರ ಮಾಲು ಕಮಿಷನ್ ಮೇಲೆ ಮಾರಿಸುವ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ, ಕಡಲೆ, ಹೆಸರು, ಜೋಳ. ಚಾ ಪೂರ್ತಿ ಬಿಟ್ಟಿಲ್ಲ, ಬಿಡುವ ಆಸೆಯೂ ಇಲ್ಲ. ಕಡಿಮೆ ಮಾಡಿದ್ದೇನೆ. ಕಾರಣ ನಿದ್ದೆ. ಹತ್ತಕ್ಕೆ ಮಲಗಿದರೆ ಒಂದು ಗಂಟೆಯವರೆಗೂ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ. ಎದೆ ಡವಡವ ಅನ್ನುತ್ತಿತ್ತು. ಡಾಕ್ಟರು ಇಸಿಜಿ ಮಾಡಿಸಿದರು. ಏನೂ ಇರಲಿಲ್ಲ. ಆಮೇಲೆ ಕೇಳಿದರು, "ದಿನಕ್ಕೆ ಎಷ್ಟು ಚಾ?" ನನಗೆ ಉತ್ತರ ಗೊತ್ತಿರಲಿಲ್ಲ. ಗಂಜಿನಲ್ಲಿ ಕೂತವನಿಗೆ ಅದು ಗೊತ್ತಿರುವುದೂ ಇಲ್ಲ.

ಅವರು ಇನ್ನೊಂದು ಕೇಳಿದರು. ತಲೆನೋವು ಬರುತ್ತದೆಯಾ, ಯಾವಾಗ? ಭಾನುವಾರ ಬರುತ್ತದೆ ಅಂದೆ. ಗಂಜು ಬಂದ್ ಇರುವ ದಿನ ಅದು. ಅವತ್ತು ಮಾತ್ರ ಬೆಳಿಗ್ಗೆ ಏನೂ ಕುಡಿಯದೆ, ಜಳಕ ಮಾಡಿ, ಶರಣಬಸವೇಶ್ವರ ಗುಡಿಗೆ ಹೋಗುತ್ತೇನೆ. ಮಾತಾಡುತ್ತಾ, ಕೆರೆ ಕಡೆ ಸುತ್ತಾಡುತ್ತಾ ಮನೆ ಸೇರುವ ಹೊತ್ತಿಗೆ ಮಧ್ಯಾಹ್ನ. ಅಷ್ಟರಲ್ಲಿ ಹಣೆ ಹಿಡಿದುಕೊಂಡಿರುತ್ತದೆ. ಮನೆಯಲ್ಲಿ ಎಲ್ಲರೂ ಬಿಸಿಲು ಅನ್ನುತ್ತಿದ್ದರು. ಡಾಕ್ಟರು ಬಿಸಿಲನ್ನು ಬಿಟ್ಟು ತಾಸು ಎಣಿಸಿದರು. ಶನಿವಾರ ರಾತ್ರಿ ಎಂಟಕ್ಕೆ ಕೊನೆಯ ಚಾ, ಭಾನುವಾರ ಹನ್ನೆರಡಕ್ಕೆ ತಲೆನೋವು. ನಡುವೆ 16 ತಾಸು. ದಿನಾ ಕೆಫೀನ್ ತಗೊಳ್ಳುವವರಿಗೆ ಅದು ನಿಂತರೆ 12ರಿಂದ 24 ತಾಸಿನಲ್ಲಿ ತಲೆನೋವು ಶುರುವಾಗುತ್ತದಂತೆ. ಎರಡನೇ ದಿನದ ಸುಮಾರಿಗೆ ಜೋರಾಗುತ್ತದೆ. ಒಟ್ಟು ಎರಡರಿಂದ ಒಂಬತ್ತು ದಿನ ಇರಬಹುದು.

ನಾನು ಅದಕ್ಕೆ ನುಂಗುತ್ತಿದ್ದ ಗುಳಿಗೆಯ ಕಥೆ ಇನ್ನೂ ಚೆನ್ನಾಗಿದೆ. ಸಾರಿಡಾನ್ ಪಟ್ಟಿಯ ಹಿಂದೆ ಓದಿ ನೋಡಿ. ಪ್ಯಾರಾಸಿಟಮಾಲ್ ಜೊತೆಗೆ 50 ಮಿಲಿಗ್ರಾಂ ಕೆಫೀನ್ ಅಂತ ಬರೆದಿರುತ್ತದೆ. ನೋವಿನ ಗುಳಿಗೆ ಚುರುಕಾಗಿ ಕೆಲಸ ಮಾಡಲಿ ಅಂತ ಕೆಫೀನ್ ಸೇರಿಸುವುದು ಹಳೆಯ ಪದ್ಧತಿ, ತಪ್ಪೇನಲ್ಲ. ಆದರೆ ಚಾ ಕಡಿಮೆ ಮಾಡಲು ಹೊರಟವರು ಪಟ್ಟಿ ಓದಿ ಕೊಳ್ಳುವುದು ಒಳ್ಳೆಯದು. ಎನರ್ಜಿ ಡ್ರಿಂಕ್ ಕುಡಿಯುವ ಹುಡುಗರೂ ಅಷ್ಟೇ. 250 ಎಂಎಲ್‌ನ ಒಂದು ರೆಡ್ ಬುಲ್ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಇರುತ್ತದೆ.

ಲೆಕ್ಕದವನಾದ್ದರಿಂದ ಮೊದಲು ಲೆಕ್ಕಕ್ಕೇ ಕೂತೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 150 ಎಂಎಲ್ ಕಪ್ಪಿನಲ್ಲಿ ಚಾ ಆದರೆ 30ರಿಂದ 65 ಮಿಲಿಗ್ರಾಂ ಕೆಫೀನ್. ಇನ್‌ಸ್ಟಂಟ್ ಕಾಫಿ ಆದರೆ 50ರಿಂದ 65. ಪುಡಿಯಿಂದ ಇಳಿಸಿದ ಕಾಫಿ ಆದರೆ 80ರಿಂದ 120. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು.

ಆದರೆ ಗಂಜಿನ ಗ್ಲಾಸು 150 ಎಂಎಲ್ ಇರುತ್ತದೆಯೇ? ಅರ್ಧ ಲೀಟರಿನ ನೀರಿನ ಬಾಟಲಿ ತುಂಬಿ ಸುರಿದು ನೋಡಿದೆ. ಹೋಟೆಲಿನ ಗ್ಲಾಸು ಏಳು ತುಂಬಿತು. ಅಂದರೆ ಒಂದಕ್ಕೆ 70 ಎಂಎಲ್ ಚಿಲ್ಲರೆ. ಮನೆಗೆ ಬಂದು ನನ್ನ ಚಾ ಮಗ್ ಇಟ್ಟೆ. ಮಗಳು ಯಾವಾಗಲೋ ಕೊಡಿಸಿದ್ದು, ಹೂವಿನ ಚಿತ್ರ ಇದೆ. ಅದೇ ಬಾಟಲಿ ಎರಡು ಮಗ್ ತುಂಬಿ, ಇನ್ನೊಂದರ ತಳ ಮುಚ್ಚುವಷ್ಟು ಉಳಿಯಿತು. ಹತ್ತಿರ ಹತ್ತಿರ 220 ಎಂಎಲ್! ಗಂಜಿನ ಮೂರು ಚಾ ಸೇರಿದರೆ ಮನೆಯ ಒಂದು.

ಇಲ್ಲಿಗೆ ಇಡೀ ಲೆಕ್ಕ ತಿರುಗಿತು. ಎಲ್ಲರೂ ಬೈಯುತ್ತಿದ್ದದ್ದು ಗಂಜಿನ ಚಾಕ್ಕೆ. ಮನೆಯಲ್ಲಿ ಎದ್ದ ಕೂಡಲೇ ಒಂದು, ಜಳಕ ಆದ ಮೇಲೆ ಒಂದು, ರಾತ್ರಿ ಅಂಗಡಿಯಿಂದ ಬಂದು ಒಂದು ಮಗ್ ಕುಡಿಯುತ್ತಿದ್ದೆ. ಚೆನ್ನಾಗಿ ಕುದಿಸಿದ ಖಡಕ್ ಚಾ ಅಂತ ಮೇಲಿನ ಅಂಕಿಯನ್ನೇ ಹಿಡಿದರೆ ಈ ಮೂರೇ 285 ಮಿಲಿಗ್ರಾಂ. ದಿನದ ಮಿತಿ ಮನೆಯಲ್ಲೇ ಮುಗಿಯಿತು. ಗಂಜಿನದೆಲ್ಲಾ ಅದರ ಮೇಲಿನದು.

ಹಾಗಾಗಿ ಕೈ ಹಾಕಿದ್ದು ಮೊದಲು ಮನೆಯ ಮಗ್‌ಗೆ. ಮೇಲಿನ ಕಪಾಟಿನಲ್ಲಿ ಹಳೆಯ ಕಪ್ಪು-ಬಸಿ ಇತ್ತು. ಅದಕ್ಕೆ ಹಿಡಿಯುವುದು ಮಗ್‌ನ ಅರ್ಧ. ಬಸಿಗೆ ಹಾಕಿ ಆರಿಸಿ ಕುಡಿದರೆ ಅಷ್ಟೇ ಹೊತ್ತು ಹಿಡಿಯುತ್ತದೆ, ಕುಡಿದೆ ಅನ್ನಿಸುತ್ತದೆ. ಒಂದು ವಾರ ಅಷ್ಟೇ ಮಾಡಿದೆ, ಬೇರೆ ಏನನ್ನೂ ಮುಟ್ಟಲಿಲ್ಲ. ತಲೆ ಸ್ವಲ್ಪ ಭಾರ ಇತ್ತು, ನೋವು ಅನ್ನುವಷ್ಟಲ್ಲ.

ಆಮೇಲೆ ರಾತ್ರಿಯದು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಎಂಟಕ್ಕೆ ಕುಡಿದರೆ ರಾತ್ರಿ ಒಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ನಿದ್ದೆ ಎಳೆಯುತ್ತದೆ. ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ದಣಿವು ತೀರಿರುವುದಿಲ್ಲ. ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ದ ಹಾಗೆ, ಅಷ್ಟೇ. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ಕೊಟ್ಟರೂ ನಿದ್ದೆ ಒಂದು ತಾಸಿಗಿಂತ ಜಾಸ್ತಿ ಕಡಿಮೆಯಾಗಿತ್ತು. 400 ದೊಡ್ಡ ಪ್ರಮಾಣ, ನಾನು ಒಂದೇ ಸಲಕ್ಕೆ ಅಷ್ಟು ಕುಡಿಯುತ್ತಿರಲಿಲ್ಲ. ಆದರೆ ನಾನು ಬಿಡುತ್ತಿದ್ದದ್ದು ಆರು ತಾಸಲ್ಲ, ಎರಡೇ.

ರಾತ್ರಿ ಚಾ ಜಾಗಕ್ಕೆ ಎಲ್ಲರೂ ಹೇಳಿದ್ದು ಅರಿಶಿನ ಹಾಲು. ನನಗೆ ಅದು ಜ್ವರ ಬಂದವರು ಕುಡಿಯುವ ವಸ್ತು. ನಡೆಯಲಿಲ್ಲ. ಗ್ರೀನ್ ಟೀ ತಂದರು ಒಬ್ಬರು. ಅದೂ ಚಾ ಗಿಡದ ಎಲೆಯೇ, ಅದರಲ್ಲೂ ಕೆಫೀನ್ ಇದೆ. ಮೇಲೆ ರುಚಿಯೂ ಇಲ್ಲ. ಕೊನೆಗೆ ನಿಂತದ್ದು ಕೊತ್ತಂಬರಿ ಬೀಜ, ಜೀರಿಗೆ, ಶುಂಠಿ ಕುದಿಸಿದ ಕಷಾಯ, ಸ್ವಲ್ಪ ಬೆಲ್ಲ ಹಾಕಿ. ಬಿಸಿ ಇರಬೇಕು, ಕೈಯಲ್ಲಿ ಕಪ್ಪು ಇರಬೇಕು, ಎದುರಿಗೆ ಮನೆಯವಳು ಕೂತಿರಬೇಕು. ನನಗೆ ಬೇಕಿದ್ದದ್ದು ಅಷ್ಟೇ ಅಂತ ಕಾಣುತ್ತದೆ. ಹತ್ತು ಹದಿನೈದು ದಿನದಲ್ಲಿ ಹನ್ನೊಂದಕ್ಕೆ ಕಣ್ಣು ಮುಚ್ಚತೊಡಗಿತು.

ಗಂಜಿನ ಮಾತು ಬೇರೆ. ಅಲ್ಲಿ ಚಾ ಒಲ್ಲೆ ಅನ್ನುವ ಹಾಗಿಲ್ಲ. ಜೇವರ್ಗಿ, ಅಫಜಲಪುರ, ಚಿತ್ತಾಪುರದಿಂದ ರೈತರು ಮಾಲು ತಂದಿರುತ್ತಾರೆ. ರೇಟು ಆಗುವವರೆಗೆ ಕೂತಿರಬೇಕು. ಕೂತವರಿಗೆ ಚಾ ಹೇಳಬೇಕು. ಅವರಿಗೆ ಹೇಳಿ ನಾವು ಕುಡಿಯದಿದ್ದರೆ ಅವರೂ ಗ್ಲಾಸು ಕೆಳಗಿಡುತ್ತಾರೆ. ಒಮ್ಮೆ ಒಬ್ಬ ಹಿರಿಯರ ಮುಂದೆ ಬೇಡ ಅಂದೆ. "ಯಾಕ್ರೀ ಗುಮಾಸ್ತರ, ರೇಟು ಕಮ್ಮಿ ಹಚ್ಚಾವ್ರು ಇದ್ದೀರೇನು?" ಅಂದರು. ನಗುತ್ತಲೇ ಅಂದರು, ಆದರೆ ಲೆಕ್ಕದ ಪಟ್ಟಿ ಎರಡು ಸಲ ಓದಿಸಿದರು. ಇನ್ನೊಬ್ಬರು ಕೇಳಿದ್ದು, "ಸಕ್ಕರಿ ಬ್ಯಾನಿ ಅದ ಏನ್ರೀ?" ಅಂತ. ದಿನಾ ಎಷ್ಟು ಜನಕ್ಕೆ ಅಂತ ಕಾರಣ ಹೇಳುವುದು?

ಅದಕ್ಕೇ ಬೇಡ ಅನ್ನುವುದನ್ನೇ ಬಿಟ್ಟೆ. ಹೋಟೆಲಿನ ಚಾಚಾ ಹತ್ತಿರ ಮಾತಾಡಿದೆ. ಬೆಳಿಗ್ಗೆ ಮಾಮೂಲಿ ಚಾ. ಮೂರು ಗಂಟೆಯ ಮೇಲೆ ನನ್ನ ಗ್ಲಾಸಿಗೆ ಡಿಕಾಕ್ಷನ್ ಹಾಕಬೇಡಿ, ಶುಂಠಿ ಹಾಕಿದ ಹಾಲು ಕೊಡಿ ಅಂದೆ. ಅವರ ಹೋಟೆಲಿನಲ್ಲಿ ಇರಾನಿ ಪದ್ಧತಿ. ಡಿಕಾಕ್ಷನ್ ಒಂದು ಪಾತ್ರೆ, ಹಾಲು ಇನ್ನೊಂದು ಪಾತ್ರೆ. ಹಾಗಾಗಿ ಕಷ್ಟ ಏನೂ ಇರಲಿಲ್ಲ. "ಕ್ಯಾ ಸಾಬ್, ತಬಿಯತ್ ಖರಾಬ್ ಹೈ ಕ್ಯಾ?" ಅಂತ ಕೇಳಿ, ಒಪ್ಪಿದರು. ಹಾಲಿಗೆ ರೇಟು ಜಾಸ್ತಿ ಹಚ್ಚಿದರು, ಅದು ಅವರ ನ್ಯಾಯ. ಅದೇ ತಟ್ಟೆಯಲ್ಲಿ, ಅದೇ ಗ್ಲಾಸಿನಲ್ಲಿ ಬರುತ್ತದೆ. ಬಣ್ಣ ಬಿಳಿ ಅಂತ ಇದುವರೆಗೆ ಯಾರೂ ಗಮನಿಸಿಲ್ಲ. ರೈತರ ಕಣ್ಣು ತೊಗರಿ ಮೇಲೆ, ನನ್ನ ಗ್ಲಾಸಿನ ಮೇಲೆ ಅಲ್ಲ.

ಯಾವ ತಿಂಗಳಲ್ಲಿ ಶುರು ಮಾಡುತ್ತೀರಿ ಅನ್ನುವುದೂ ಮುಖ್ಯ. ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ನಾನು ಇದಕ್ಕೆ ಕೈ ಹಾಕುತ್ತಿರಲಿಲ್ಲ. ಆವಕ ಇಳಿದ ಮೇಲೆ, ಶಿವರಾತ್ರಿ ಹೊತ್ತಿಗೆ ಶುರು ಮಾಡಿದೆ. ನಡುವೆ ಶರಣಬಸವೇಶ್ವರ ಜಾತ್ರೆ ಬಂತು. ಮನೆ ತುಂಬ ನೆಂಟರು, ಒಲೆ ಮೇಲೆ ಚಾ ಪಾತ್ರೆ ಇಳಿಯಲೇ ಇಲ್ಲ. ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಏಪ್ರಿಲ್ ಬಂದ ಮೇಲೆ ಬಿಸಿಲೇ ಸಹಾಯ ಮಾಡಿತು. 42 ಡಿಗ್ರಿಯಲ್ಲಿ ಮಜ್ಜಿಗೆ ಕೊಟ್ಟರೆ ಯಾರೂ ಯಾಕೆ ಅನ್ನುವುದಿಲ್ಲ. ಪಕ್ಕದ ಮನೆಯವರು ಸರ್ಕಾರಿ ನೌಕರರು. ಬೇಸಿಗೆಯಲ್ಲಿ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ಮಧ್ಯಾಹ್ನದ ಎರಡು ಚಾ ತಾನಾಗಿಯೇ ಹೋಗುತ್ತವೆ. ಅವರು ಆ ಎರಡು ತಿಂಗಳು ಹಿಡಿದುಕೊಂಡರು, ಜೂನ್‌ನಲ್ಲಿ ಮತ್ತೆ ಶುರು ಮಾಡಲಿಲ್ಲ. ನನಗಿಂತ ಜಾಣರು.

ಬೀದರಿನಲ್ಲಿರುವ ನಮ್ಮ ಅಕ್ಕನ ಗಂಡ, ಮಾಮಾ, ನನ್ನ ಸುದ್ದಿ ಕೇಳಿ ಒಂದೇ ಸಲಕ್ಕೆ ಬಿಟ್ಟರು. ಹುಮ್ಮಸ್ಸಿನ ಮನುಷ್ಯ. ಎರಡನೇ ದಿನ ಕೋಣೆಯ ಬಾಗಿಲು ಹಾಕಿ ಮಲಗಿದರು. ತಲೆ ಸಿಡಿತ, ಹೊಟ್ಟೆ ತೊಳಸುವುದು, ಎಲ್ಲರ ಮೇಲೆ ಸಿಟ್ಟು. ಮೂರನೇ ದಿನ ಅಕ್ಕನೇ ಚಾ ಮಾಡಿ ಕೊಟ್ಟಳು, ಮನೆಯಲ್ಲಿ ಶಾಂತಿ ಇರಲಿ ಅಂತ. ಈಗ ಅವರೂ ವಾರಕ್ಕೆ ಒಂದು ಗ್ಲಾಸಿನಂತೆ ಇಳಿಸುತ್ತಿದ್ದಾರೆ.

ನಮ್ಮ ಮನೆಯವಳದು ಬೇರೆ ಪ್ರಶ್ನೆ. ಅವಳಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ರಕ್ತ ಕಡಿಮೆ. ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಊಟ ಆದ ಕೂಡಲೇ ಚಾ ಕುಡಿಯುವುದು ಅವಳ ರೂಢಿ. ಗುಳಿಗೆಯೂ ಅದರ ಜೊತೆಗೇ. ಚಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಾ, ಕಾಫಿ ಬೇಡ ಅಂತ ಅದೇ ಮಾರ್ಗಸೂಚಿಯಲ್ಲಿದೆ. ಅವಳು ಒಂದು ಹನಿಯೂ ಕಡಿಮೆ ಮಾಡಲಿಲ್ಲ, ಹೊತ್ತು ಮಾತ್ರ ಬದಲಿಸಿದಳು. ಗುಳಿಗೆ ಈಗ ನಿಂಬೆ ಹಿಂಡಿದ ನೀರಿನ ಜೊತೆ.

ಇಷ್ಟರಲ್ಲಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೊಟ್ಟಿರುವುದು ಮೈಸೂರಿಗೆ. ಅಲ್ಲಿ ಕಲಿತದ್ದು ಫಿಲ್ಟರ್ ಕಾಫಿ. ಫಿಲ್ಟರ್, ಪುಡಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡೇ ಬಂದಿದ್ದಳು. "ಅಪ್ಪಾ, ನಂದೂ ಲೆಕ್ಕ ಹಾಕು" ಅಂದಳು. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅಂತ ಅವಳ ಡಾಕ್ಟರು ಹೇಳಿದ್ದರು. ಅವಳು ಕುಡಿಯುತ್ತಿದ್ದದ್ದು ಎರಡು ಲೋಟ. ಲೋಟಕ್ಕೆ 120 ಅಂತ ಮೇಲಿನ ಅಂಕಿ ಹಿಡಿದರೆ 240. ಪುಡಿಯ ಪಾಕೀಟು ತಿರುಗಿಸಿ ನೋಡಿದೆವು. ನೂರಕ್ಕೆ ಕಾಫಿ 80, ಚಿಕೋರಿ 20. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ನಿಯಮದಲ್ಲಿ 49ರವರೆಗೆ ಚಿಕೋರಿ ಬೆರೆಸಬಹುದು. 60-40 ಪುಡಿಗೆ ಬಂದರೆ ಕೆಫೀನ್ ಕಾಲು ಭಾಗ ಇಳಿಯುತ್ತದೆ. 240 ಇದ್ದದ್ದು 180.

ಅಳಿಯಂದಿರು 60-40 ಪುಡಿ ಕಳಿಸಿದ್ದಾರೆ. ಪರಿಮಳವೇ ಇಲ್ಲ ಅಂತ ಅವಳ ತಕರಾರು ದಿನಾ ಇದೆ. ಬೆಳಿಗ್ಗೆ ಒಂದು ಲೋಟ ಪೂರ್ತಿ, ಮಧ್ಯಾಹ್ನ ಅರ್ಧ ಕುಡಿಯುತ್ತಾಳೆ. ಉಳಿದ ಅರ್ಧ ಲೋಟ ಅವಳ ಅವ್ವನಿಗೆ, ಊಟ ಆಗಿ ಒಂದು ತಾಸು ಕಳೆದ ಮೇಲೆ.