ಅಪ್ಪನ ಚೇತಕ್‌ಗೆ ಗಟ್ಟಿ ರಬ್ಬರ್ ಹಾಕಿ ಕೆಟ್ಟೆ

ಅಪ್ಪನ 1986ರ ಚೇತಕ್ ಸ್ಕೂಟರ್ ಹಂಪ್ ಇಳಿದಾಗಲೆಲ್ಲ ಹಿಂದಿನಿಂದ ‘ಟಕ್’ ಅನ್ನುತ್ತಿತ್ತು. ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅಂದುಕೊಂಡೆ. ಬಿಚ್ಚಿದರೆ ಅದು ಸರಿಯಾಗೇ ಇತ್ತು. ಅದರ ಮೇಲ್ತುದಿಯ ರಬ್ಬರ್, ಇಂಜಿನ್ನನ್ನು ಬಾಡಿಗೆ ಹಿಡಿದಿರುವ ರಬ್ಬರ್ ಬುಷ್ (ಸೈಲೆಂಟ್ ಬ್ಲಾಕ್) ಎರಡೂ ಕಲ್ಲಾಗಿದ್ದವು. ಉಗುರು ಒತ್ತಿದರೆ ಗುರುತೂ ಬೀಳುತ್ತಿರಲಿಲ್ಲ.

ನಾನು ಎಡವಿದ್ದು ಇಲ್ಲೇ. ಹಳೆಯದು ಇಷ್ಟು ಗಟ್ಟಿ ಇದೆ, ಹೊಸದೂ ಹಾಗೇ ಇರಬೇಕು ಅಂತ ಲೆಕ್ಕ ಹಾಕಿದೆ. ಅಂಗಡಿಯವನು ರಬ್ಬರ್ ಬದಲಿಗೆ ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತುವಿನ ಕೆಂಪು ಬುಷ್ ಕೊಟ್ಟು, “ಜನ್ಮಕ್ಕೂ ಹೋಗಲ್ಲ ಸಾರ್” ಅಂದ. ನಿಜ, ಅವು ಹೋಗಲಿಲ್ಲ. ಆದರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣತೊಡಗಿತು. ಮೈಸೂರಿನ ಒಂಟಿಕೊಪ್ಪಲಿನಿಂದ ಅಗ್ರಹಾರ ತಲುಪುವಷ್ಟರಲ್ಲಿ ಅಂಗಾಲು ಜುಮ್ಮೆನ್ನುತ್ತಿತ್ತು.

ಪಕ್ಕದ ಮನೆ ಅಂಕಲ್ ಮೇಟಗಳ್ಳಿಯ ಟಯರ್ ಫ್ಯಾಕ್ಟರಿಯಲ್ಲಿ ರಬ್ಬರ್ ಜೊತೆ ಏಗಿ ನಿವೃತ್ತರಾದವರು. “ಅದು ವಯಸ್ಸಾಗಿ ಗಟ್ಟಿಯಾಗಿದ್ದು ಕಣಯ್ಯಾ, ಹುಟ್ಟಿದಾಗ ಹಾಗಿರಲಿಲ್ಲ” ಅಂತ ನಕ್ಕರು. ಚೇತಕ್‌ನಲ್ಲಿ ಹಿಂದಿನ ಚಕ್ರ ಇಂಜಿನ್‌ಗೇ ಕೂತಿದೆ ಅಲ್ವಾ? ಗುಂಡಿ ಸಿಕ್ಕರೆ ಇಡೀ ಇಂಜಿನ್ ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಒಂಟಿ ಸಿಲಿಂಡರ್‌ನ ನಡುಕ ಬಾಡಿಗೆ ಹತ್ತದಂತೆ ತಡೆಯೋದು ಈ ರಬ್ಬರ್‌ಗಳೇ. ಅಂಕಲ್ ರಬ್ಬರ್ ಎಷ್ಟು ಗಟ್ಟಿ ಅಂತ ಅಳೆಯುವ ತಮ್ಮ ಹಳೇ ಶೋರ್ ಮೀಟರ್ ಒತ್ತಿ ತೋರಿಸಿದರು. ಅಂಕಿ ಹೆಚ್ಚಾದಷ್ಟೂ ಗಟ್ಟಿ. ಟಯರ್ 65, ಕೆಂಪು ಬುಷ್ 90!

ಸುಮಾರು 60 ಇರುವ ಮಾಮೂಲಿ ಕಪ್ಪು ರಬ್ಬರ್ ಸಾಕು ಅಂತಾಯಿತು. ಮೂರು ಅಂಗಡಿಯಿಂದ ಒಂದೊಂದು ತಂದೆ. ಯಾವುದು ಚೆನ್ನಾಗಿ ಪುಟಿಯುತ್ತದೆ ನೋಡಲು ಆ ಮೇಲ್ತುದಿಯ ರಬ್ಬರ್‌ಗಳನ್ನು ರಾತ್ರಿಯಿಡೀ ವೈಸ್‌ನಲ್ಲಿ ಹಿಸುಕಿಟ್ಟೆ. ಬೆಳಿಗ್ಗೆ ಬಿಟ್ಟಾಗ ಒಂದು ನಿಪ್ಪಟ್ಟಿನ ಹಾಗೆ ಚಪ್ಪಟೆಯಾಗೇ ಉಳಿಯಿತು. ಚೆನ್ನಾಗಿ ಪುಟಿದೆದ್ದ ಅಂಗಡಿಯದ್ದೇ ಸೈಲೆಂಟ್ ಬ್ಲಾಕ್ ಕೂಡ ತಂದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಹಾಕಲೇ ಅಂತ ಒಂದು ಯೋಚನೆ ಬಂತು. ಅದಕ್ಕೆ ಪುಟಿತ ಕಡಿಮೆ. ಇಂಜಿನ್ ಎಣ್ಣೆ ಸೋರುವುದನ್ನು ಮೊದಲು ನಿಲ್ಲಿಸಿ, ನೈಸರ್ಗಿಕ ರಬ್ಬರನ್ನೇ ಹಾಕಿದೆ.

ಕೂರಿಸುವಾಗ ಗ್ರೀಸ್ ಮುಟ್ಟಿಸಲಿಲ್ಲ, ರಬ್ಬರ್ ಉಬ್ಬುತ್ತದೆ. ಸೋಪಿನ ನೀರು ಸಾಕಾಯಿತು. ಚಕ್ರ ನೇತಾಡುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅದಕ್ಕೆ ಅಪ್ಪನನ್ನು ಸೀಟಿನ ಮೇಲೆ ಕೂರಿಸಿ, ಕೆಳಗೆ ಮಲಗಿ ಬಿಗಿ ಮಾಡಿದೆ. ಇನ್ನೂ ಎಷ್ಟೊತ್ತೋ ಅಂತ ಗೊಣಗಿದರು.

ಈಗ ಕನ್ನಡಿಯಲ್ಲಿ ಬಸ್ಸು ಒಂದೇ. ಮುಂದಿನ ಚಕ್ರದ ಕಡೆ ಇನ್ನೂ ಸಣ್ಣ ಕಿರಿಕಿರಿ ಇದೆ, ಅದರ ರಬ್ಬರ್ ದಸರಾ ಆದ ಮೇಲೆ.